ರಾತ್ರಿ ಡಯಾಪರ್ ಸೋರುತ್ತಿದ್ದರೆ ಮೊದಲು ಒದ್ದೆಯಾದ ಜಾಗವನ್ನು ನೋಡಿ

ನೀವು ಮಂಗಳೂರಿನಿಂದ ಬರೆದಿರುವುದರ ಸಾರಾಂಶ ಇಷ್ಟು: ಮಗನಿಗೆ 9 ತಿಂಗಳು, ತೂಕ 9.5 ಕೆ.ಜಿ.; ಎಂ ಅಳತೆಯ ಪ್ಯಾಂಟ್ ಮಾದರಿಯ ಡಯಾಪರ್ ಹಾಕಿ ರಾತ್ರಿ 10 ಗಂಟೆಗೆ ಮಲಗಿಸಿದರೆ ನಸುಕಿನ 4 ಗಂಟೆಯೊಳಗೆ ಹೊಟ್ಟೆಯ ಮೇಲಿನ ಅಂಗಿಯೂ ಹಾಸಿಗೆಯೂ ನೆನೆದು ಅವನು ಅಳುತ್ತಾ ಏಳುತ್ತಾನೆ; ಮೂರು ಕಂಪನಿಗಳ ಡಯಾಪರ್ ತಂದು ನೋಡಿದ್ದಾಗಿದೆ; ಮನೆಯ ಹಿರಿಯರು ಬಟ್ಟೆಯ ನ್ಯಾಪಿಗೆ ಮರಳುವಂತೆ ಹೇಳುತ್ತಿದ್ದಾರೆ. ನನ್ನ ಮನೆ ಉಡುಪಿಯಲ್ಲಿದೆ. ನನ್ನ ಮೊದಲ ಮಗಳಿಗೆ ಎಂಟು ತಿಂಗಳಾದಾಗ ಶುರುವಾದ ಇದೇ ತೊಂದರೆ ಹೆಚ್ಚುಕಡಿಮೆ ಮೂರು ತಿಂಗಳು ನಡೆದಿತ್ತು. ಆಗ ನಾನೂ ಕಂಪನಿ ಬದಲಾಯಿಸಿದೆ, ಹೆಚ್ಚು ಬೆಲೆಯದನ್ನು ತಂದೆ, ಒಂದರ ಮೇಲೊಂದು ಎರಡು ಹಾಕಿ ನೋಡಿದೆ. ಯಾವುದರಿಂದಲೂ ಪ್ರಯೋಜನವಾಗಲಿಲ್ಲ, ಏಕೆಂದರೆ ಮೂತ್ರ ಎಲ್ಲಿಂದ ಹೊರಬರುತ್ತಿದೆ ಎಂಬುದನ್ನು ನಾನು ಒಂದು ದಿನವೂ ನೋಡಿರಲಿಲ್ಲ.

ಆದ್ದರಿಂದ ನಾಳೆ ನಸುಕಿನಲ್ಲಿ ಆ ಒದ್ದೆ ಡಯಾಪರನ್ನು ಸುತ್ತಿ ಎಸೆಯುವ ಮೊದಲು ಒಂದು ನಿಮಿಷ ಕೈಯಲ್ಲಿ ಹಿಡಿದು ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಅದು ಮುಂದೆ, ನಡುವೆ, ಹಿಂದೆ ಎಲ್ಲ ಕಡೆಯೂ ಒಂದೇ ಸಮನಾಗಿ ಉಬ್ಬಿ ಭಾರವಾಗಿದ್ದರೆ ಹೀರುವ ಶಕ್ತಿ ನಿಜಕ್ಕೂ ಮುಗಿದಿದೆ ಎಂದರ್ಥ; ಆಗ ದೊಡ್ಡ ಅಳತೆಯಾಗಲಿ, ನಡುರಾತ್ರಿ ಒಮ್ಮೆ ಬದಲಾಯಿಸುವುದಾಗಲಿ ಬೇಕಾಗುತ್ತದೆ. ಮುಂಭಾಗ ಮಾತ್ರ ಉಬ್ಬಿ ಹಿಂಭಾಗ ಒಣಗಿಯೇ ಇದ್ದರೆ ಹೀರುವ ಜಾಗ ಇನ್ನೂ ಉಳಿದಿತ್ತು, ಮೂತ್ರ ಅಲ್ಲಿಗೆ ತಲುಪುವ ಮೊದಲೇ ಬೇರೆ ದಾರಿ ಹಿಡಿದಿದೆ. ನೀವು ಹೊಟ್ಟೆಯ ಮೇಲಿನ ಅಂಗಿ ನೆನೆಯುತ್ತದೆ ಎಂದು ಬರೆದಿರುವುದರಿಂದ ನಿಮ್ಮಲ್ಲಿ ಆಗುತ್ತಿರುವುದು ಈ ಎರಡನೆಯದು ಎಂದು ನನಗೆ ಅನ್ನಿಸುತ್ತದೆ.

ಗಂಡುಮಕ್ಕಳಲ್ಲಿ ಇದಕ್ಕೆ ಬಹಳ ಸರಳವಾದ ಒಂದು ಕಾರಣವಿದೆ. ಡಯಾಪರ್ ಏರಿಸುವಾಗ ಶಿಶ್ನವು ಮೇಲ್ಮುಖವಾಗಿಯೋ ಒಂದು ಪಕ್ಕಕ್ಕೆ ವಾಲಿಯೋ ಉಳಿದರೆ ಮೂತ್ರ ನೇರವಾಗಿ ಸೊಂಟದ ಅಂಚಿಗೆ ಹೋಗುತ್ತದೆ, ಮತ್ತು ಆ ಅಂಚಿನಲ್ಲಿ ಹೀರುವ ಪದರ ಇರುವುದೇ ಇಲ್ಲ. ಅದನ್ನು ಕೆಳಮುಖವಾಗಿ ಇರಿಸಿ, ಆಮೇಲೆ ಡಯಾಪರಿನ ಮುಂಭಾಗವನ್ನು ಹೊಕ್ಕುಳ ಹತ್ತಿರದವರೆಗೆ ಎಳೆದು ಸರಿಪಡಿಸಿ. ಒಂಬತ್ತು ತಿಂಗಳ ಮಗು ನಿದ್ದೆಯಲ್ಲಿ ತಾನಾಗಿಯೇ ಕವುಚಿಕೊಳ್ಳುತ್ತದೆ. ಕವುಚಿ ಮಲಗಿದಾಗ ಮೂತ್ರವೆಲ್ಲ ಮುಂದಕ್ಕೇ ಇಳಿಯುವುದರಿಂದ ಈ ಎರಡು ಸೆಕೆಂಡುಗಳ ಕೆಲಸ ಇನ್ನಷ್ಟು ಮುಖ್ಯವಾಗುತ್ತದೆ. ಮಗು ಕವುಚಬಾರದೆಂದು ಇಕ್ಕೆಲದಲ್ಲೂ ದಿಂಬು ಇಡುವ ಅಭ್ಯಾಸ ನಮ್ಮ ಕಡೆಯ ಅನೇಕ ಮನೆಗಳಲ್ಲಿದೆ. ಸೋರಿಕೆಯನ್ನು ತಡೆಯಲು ದಯವಿಟ್ಟು ಆ ದಾರಿ ಹಿಡಿಯಬೇಡಿ, ಮೆತ್ತನೆಯ ದಿಂಬು ಮೂಗಿಗೆ ಅಡ್ಡವಾದರೆ ಅಪಾಯ. ವರ್ಷ ತುಂಬುವವರೆಗೆ ಮಗುವನ್ನು ಅಂಗಾತ ಮಲಗಿಸಬೇಕು. ಹಾಗೆ ಮಲಗಿಸಿದ ಮೇಲೆ ನಿದ್ದೆಯಲ್ಲಿ ಅದು ತಾನಾಗಿಯೇ ಮಗುಚಿದರೆ ಹಾಗೆಯೇ ಬಿಡಬಹುದು.

ತೊಡೆಯ ಸಂದಿನಿಂದ ಸೋರಿದ್ದರೆ ಅಂಚಿನ ಮಡಿಕೆಯನ್ನು ನೋಡಿ. ಕಾಲಿನ ಸುತ್ತ ಎಲಾಸ್ಟಿಕ್ ಇರುವ ಎರಡು ಪದರಗಳಿರುತ್ತವೆ; ಒಳಗಿನದು ಮೂತ್ರವನ್ನು ತಡೆಯುವ ಒಡ್ಡಿನಂತೆ ನಿಲ್ಲಬೇಕು, ಹೊರಗಿನದು ಹೊರಮುಖವಾಗಿ ಅರಳಿರಬೇಕು. ಅವಸರದಲ್ಲಿ ಏರಿಸಿದಾಗ ಹೊರಗಿನದು ಒಳಕ್ಕೆ ಮಡಚಿಕೊಂಡರೆ ಅಲ್ಲಿಂದಲೇ ಹನಿಯುತ್ತದೆ. ಹಾಕಿದ ಮೇಲೆ ಎರಡೂ ತೊಡೆಗಳ ಸುತ್ತ ಒಮ್ಮೆ ಬೆರಳಾಡಿಸಿದರೆ ಸಾಕು. ಬೆನ್ನಿನ ಕಡೆಯಿಂದ ಸೋರಿದರೆ ಸೊಂಟ ಸಡಿಲವಾಗಿದೆ ಎಂದು ತಿಳಿಯಬೇಕು.

ಅಳತೆಯ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮ ಅಂಗಡಿಗಳಲ್ಲಿ ಸಿಗುವ ಪೊಟ್ಟಣಗಳ ಮೇಲೆ ಸಾಮಾನ್ಯವಾಗಿ ಎಂ ಎಂದರೆ 7ರಿಂದ 12 ಕೆ.ಜಿ., ಎಲ್ ಎಂದರೆ 9ರಿಂದ 14 ಕೆ.ಜಿ. ಎಂದು ಬರೆದಿರುತ್ತದೆ. ನಿಮ್ಮ ಮಗನ ತೂಕ ಎರಡರೊಳಗೂ ಬರುತ್ತದೆ. ಇಂಥ ಹೊತ್ತಿನಲ್ಲಿ ಹಗಲಿಗೆ ಎಂ, ರಾತ್ರಿಗೆ ಎಲ್ ಎಂದು ಬೇರ್ಪಡಿಸುವುದು ಒಳ್ಳೆಯದು, ಏಕೆಂದರೆ ದೊಡ್ಡದರಲ್ಲಿ ಹೀರುವ ಪದರ ಉದ್ದವಾಗಿಯೂ ದಪ್ಪವಾಗಿಯೂ ಇರುತ್ತದೆ. ತೊಡೆಯ ಬಳಿ ಎರಡು ಬೆರಳು ಸಲೀಸಾಗಿ ತೂರುವಷ್ಟು ಸಡಿಲವಾದರೆ ಮಾತ್ರ ಅದು ಇನ್ನೂ ದೊಡ್ಡದಾಯಿತು. ಮೊದಲು ಚಿಕ್ಕ ಪೊಟ್ಟಣವನ್ನೇ ತಂದು ನೋಡಿ.

ಡಯಾಪರಿನ ಒಳಗೆ ಹತ್ತಿಯಂಥ ಮರದ ನಾರಿನೊಂದಿಗೆ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಬಿಳಿಯ ಹರಳಿನ ಪುಡಿ ಇರುತ್ತದೆ. ಶುದ್ಧ ನೀರನ್ನಾದರೆ ಅದು ತನ್ನ ತೂಕದ ನೂರಾರು ಪಟ್ಟು ಹೀರಿಕೊಳ್ಳುತ್ತದೆ. ಮೂತ್ರದಲ್ಲಿ ಉಪ್ಪಿನಂಶ ಇರುವುದರಿಂದ ಅದು ಹತ್ತಾರು ಪಟ್ಟಿಗೆ ಇಳಿಯುತ್ತದೆ. ಅಷ್ಟೇ ಅಲ್ಲ, ಹೀರಲು ಅದಕ್ಕೆ ಸ್ವಲ್ಪ ಸಮಯವೂ ಉಬ್ಬಲು ಜಾಗವೂ ಬೇಕು. ಡಯಾಪರಿನ ಮೇಲೆ ಬಿಗಿಯಾದ ಚಡ್ಡಿಯನ್ನೋ ಸೊಂಟಕ್ಕೆ ಎಲಾಸ್ಟಿಕ್ ಕಚ್ಚುವ ಪೈಜಾಮವನ್ನೋ ಹಾಕಿದರೆ ಈ ಜಾಗ ಇಲ್ಲವಾಗುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ರಾತ್ರಿ ಡಯಾಪರಿನ ಮೇಲೆ ಸಡಿಲವಾದ ತೆಳು ಅಂಗಿಯೊಂದಿದ್ದರೆ ಧಾರಾಳವಾಯಿತು. ಒಂದರ ಮೇಲೊಂದು ಎರಡು ಡಯಾಪರ್ ಹಾಕುವುದೂ ವ್ಯರ್ಥ. ಒಳಗಿನದರ ಹೊರಪದರ ಪ್ಲಾಸ್ಟಿಕ್ಕಿನದಾದ್ದರಿಂದ ಅದನ್ನು ದಾಟಿ ಹೊರಗಿನದಕ್ಕೆ ಏನೂ ಹೋಗುವುದಿಲ್ಲ.

ಇನ್ನು, ನನ್ನ ಮನೆಯ ಸೋರಿಕೆಗೆ ನಿಜವಾದ ಕಾರಣವಾಗಿದ್ದ ಸಂಗತಿಗೆ ಬರುತ್ತೇನೆ. ಇದನ್ನು ಯಾರೂ ನನಗೆ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಮಗುವಿಗೆ ಬೆಳಿಗ್ಗೆ ಎಣ್ಣೆ ಹಚ್ಚಿ ಮೀಯಿಸುವುದಲ್ಲದೆ, ಚರ್ಮ ಕೆಂಪಾಗಬಾರದೆಂದು ಅತ್ತೆಯವರು ರಾತ್ರಿ ಮಲಗಿಸುವ ಮೊದಲು ತೊಡೆಯ ಸಂದಿಗೂ ಕುಂಡಿಗೂ ತೆಂಗಿನೆಣ್ಣೆಯನ್ನು ಕೈತುಂಬ ಸವರುತ್ತಿದ್ದರು. ಪ್ರೀತಿಯಿಂದ ಮಾಡುತ್ತಿದ್ದ ಆ ಕೆಲಸದಲ್ಲಿ ತಪ್ಪಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಚರ್ಮದ ಮೇಲೆ ಉಳಿದ ಎಣ್ಣೆ ಡಯಾಪರಿನ ಒಳಪದರಕ್ಕೆ ಅಂಟಿಕೊಳ್ಳುತ್ತದೆ. ಎಣ್ಣೆ ಹತ್ತಿದ ಕಡೆ ಮೂತ್ರ ತಕ್ಷಣ ಕೆಳಕ್ಕೆ ಇಳಿಯದೆ ಕೆಸುವಿನೆಲೆಯ ಮೇಲಿನ ನೀರಿನಂತೆ ಜಾರಿ ಅಂಚಿನ ಕಡೆಗೆ ಓಡುತ್ತದೆ. ಪೆಟ್ರೋಲಿಯಂ ಜೆಲ್ಲಿಯನ್ನಾಗಲಿ, ಜಿಂಕ್ ಆಕ್ಸೈಡಿನ ಕ್ರೀಮನ್ನಾಗಲಿ ದಪ್ಪಗೆ ಮೆತ್ತಿದರೂ ಇದೇ ಪರಿಣಾಮ. ನಾನು ಇದನ್ನು ಕಂಡುಕೊಂಡದ್ದು ಒಂದು ಹೊಸ ಡಯಾಪರಿನ ಅರ್ಧಕ್ಕೆ ಎಣ್ಣೆ ಸವರಿ, ಎರಡೂ ಕಡೆ ಒಂದೊಂದು ಚಮಚ ನೀರು ಸುರಿದಾಗ: ಒಂದು ಕಡೆ ನೀರು ಕಣ್ಣೆದುರಿಗೇ ಮಾಯವಾಯಿತು, ಇನ್ನೊಂದು ಕಡೆ ಹನಿಹನಿಯಾಗಿ ಉರುಳಾಡುತ್ತಾ ನಿಂತಿತು. ಅತ್ತೆಯವರನ್ನು ಕರೆದು ಅದನ್ನೇ ತೋರಿಸಿದೆ. ವಾದ ಮಾಡುವ ಅಗತ್ಯವೇ ಬೀಳಲಿಲ್ಲ. ಎಣ್ಣೆ ಬೆಳಗಿನ ಮೀಯುವಿಕೆಗೆ ಇರಲಿ, ರಾತ್ರಿ ಬೇಡ. ಚರ್ಮಕ್ಕೆ ರಕ್ಷಣೆ ಬೇಕೇ ಬೇಕೆಂದಿದ್ದರೆ ತೆಳುವಾಗಿ ಹಚ್ಚಿ, ಐದು ನಿಮಿಷ ಗಾಳಿಗೆ ಬಿಟ್ಟು, ಆಮೇಲೆ ಡಯಾಪರ್ ಹಾಕಿ.

ಮನೆಯವರು ಹೇಳುತ್ತಿರುವ ಬಟ್ಟೆಯ ನ್ಯಾಪಿ ಕೆಟ್ಟದ್ದಲ್ಲ. ಆದರೆ ಹಳೆಯ ಪಂಚೆಯ ತುಂಡನ್ನು ಮಡಚಿ ಕಟ್ಟುವ ಲಂಗೋಟಿ ರಾತ್ರಿಯಿಡೀ ತಡೆಯುವಂಥದ್ದಲ್ಲ. ಅದನ್ನು ಕಟ್ಟುವುದಾದರೆ ಮಗು ಉಚ್ಚೆ ಮಾಡಿದಾಗಲೆಲ್ಲ ಎದ್ದು ಬದಲಾಯಿಸಬೇಕು, ಹಿಂದಿನವರು ಹಾಗೆಯೇ ಮಾಡುತ್ತಿದ್ದರು. ಈಗಿನ ಬಟ್ಟೆಯ ನ್ಯಾಪಿಯಲ್ಲಿ ಹೊರಗಿನ ಕವರ್ ಬೇರೆ, ಒಳಗೆ ಇಡುವ ಪ್ಯಾಡ್ ಬೇರೆ. ನೀರು ದಾಟದ ಕವರಿನ ಯೋಚನೆಯೂ ಹಾಸಿಗೆ ಒಗೆದು ಸೋತ ಒಬ್ಬ ತಾಯಿಯದೇ: ಅಮೆರಿಕದ ಮೇರಿಯನ್ ಡೊನೊವನ್ 1946ರಲ್ಲಿ ಸ್ನಾನದ ಮನೆಯ ಪರದೆಯನ್ನು ಕತ್ತರಿಸಿ ಮೊದಲ ಕವರನ್ನು ಹೊಲಿದರು, 1951ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಪ್ಯಾಡುಗಳಲ್ಲಿ ಮೈಕ್ರೋಫೈಬರ್ ಎಂಬ ನಯವಾದ ಕೃತಕ ನಾರಿನದು ಬೇಗ ಹೀರುತ್ತದೆ, ಆದರೆ ಮಗುವಿನ ಭಾರ ಬಿದ್ದಾಗ ಹಿಂಡಿದ ಹಾಗೆ ಬಿಟ್ಟುಕೊಡುತ್ತದೆ. ಬಿದಿರು ಮತ್ತು ಸೆಣಬಿನಂತೆ ಕಾಣುವ ಹೆಂಪ್ ನಾರಿನವು ನಿಧಾನವಾಗಿ ಹೀರಿ ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ. ಆದ್ದರಿಂದ ರಾತ್ರಿಗೆ ಎರಡೂ ಬೇಕು, ಬೇಗ ಹೀರುವುದು ಮೇಲೆ, ಹಿಡಿದಿಡುವುದು ಕೆಳಗೆ. ಮೈಕ್ರೋಫೈಬರ್ ನೇರವಾಗಿ ಚರ್ಮಕ್ಕೆ ತಾಗಬಾರದು, ಅದು ತೇವವನ್ನೆಲ್ಲ ಎಳೆದು ಚರ್ಮವನ್ನು ಒಣಗಿಸುತ್ತದೆ. ಮೇಲೊಂದು ಮೆದು ಬಟ್ಟೆಯ ಪದರ ಇರಲಿ. ಗಂಡುಮಗುವಿಗೆ ಪ್ಯಾಡನ್ನು ಮುಂಭಾಗದಲ್ಲಿ ಒಂದು ಮಡಿಕೆ ಹೆಚ್ಚು ಮಡಚಿ. ಪ್ಯಾಡಿನ ಒಂದು ಮೂಲೆ ಕವರಿನಿಂದ ಹೊರಗೆ ಇಣುಕಿದರೂ ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ ಅದು ತೇವವನ್ನೆಲ್ಲ ಅಂಗಿಗೆ ಎಳೆದು ತರುತ್ತದೆ.

ನಮ್ಮ ಊರುಗಳಲ್ಲಿ ಬಟ್ಟೆಯ ನ್ಯಾಪಿಗೆ ಇರುವ ದೊಡ್ಡ ಕಷ್ಟ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಾವಡಿಯಲ್ಲಿ ಹಗ್ಗ ಕಟ್ಟಿ ಹರಡಿದ ದಪ್ಪ ಪ್ಯಾಡ್ ಎರಡು ದಿನವಾದರೂ ಒಳಗಿನಿಂದ ಒಣಗುವುದಿಲ್ಲ; ಮುಟ್ಟಿದರೆ ಒಣಗಿದಂತೆ ಕಂಡರೂ ಮಡಚಿ ಕೆನ್ನೆಗೆ ಒತ್ತಿದರೆ ತಂಪು ತಿಳಿಯುತ್ತದೆ. ಅರ್ಧ ನೆನೆದ ಪ್ಯಾಡಿನಿಂದ ರಾತ್ರಿ ಆರಂಭಿಸಿದರೆ ಸೋರದೆ ಇರುವುದು ಹೇಗೆ? ನಾನು ಬಚ್ಚಲ ಹಂಡೆಯ ಒಲೆಯ ಮೇಲ್ಗಡೆ ಹರಡಿ ಒಣಗಿಸಿದೆ. ಹತ್ತಿಯ ಪ್ಯಾಡಿಗೆ ಅದು ಸರಿಹೋಯಿತು, ಆದರೆ ಕವರನ್ನೂ ಅಲ್ಲಿಯೇ ತೂಗುಹಾಕಿದ್ದರಿಂದ ಅದರ ಒಳಬದಿಗೆ ಅಂಟಿಸಿದ್ದ, ನೀರು ತಡೆಯುವ ಪಾಲಿಯುರೆಥೇನ್ ಪದರ ಬಿಸಿಗೆ ಎದ್ದುಬಂದು ಎರಡು ಕವರುಗಳು ಹಾಳಾದವು. ಕವರು ಫ್ಯಾನಿನ ಗಾಳಿಗೇ ಒಣಗುತ್ತದೆ. ಮಳೆಗಾಲದ ರಾತ್ರಿಗಳಿಗೆ ಅಂಗಡಿಯ ಡಯಾಪರ್, ಉಳಿದ ತಿಂಗಳುಗಳಲ್ಲಿ ಬಟ್ಟೆಯದು ಎಂದು ನಾನು ಕೊನೆಗೆ ನಿರ್ಧರಿಸಿದೆ.

ಒಗೆಯುವಾಗ ಬಟ್ಟೆ ಮೆದುವಾಗಲು ಹಾಕುವ ಕಂಡೀಷನರ್ ಬೇಡ. ಅದು ನಾರಿನ ಮೇಲೆ ಪದರ ಕಟ್ಟಿ ಹೀರುವ ಗುಣವನ್ನು ಕೆಡಿಸುತ್ತದೆ. ನಿಮ್ಮದು ಅಳಿವೆಯ ಹತ್ತಿರದ ಮನೆಯಾಗಿದ್ದು ಬೇಸಿಗೆಯಲ್ಲಿ ಬಾವಿಯ ನೀರು ಉಪ್ಪಾಗುವುದಾದರೆ ಸಾಬೂನು ಸರಿಯಾಗಿ ಬಿಡದೆ ಬಟ್ಟೆಯಲ್ಲೇ ಉಳಿಯುತ್ತದೆ, ಆಗ ಕೊನೆಯ ಜಾಲಿಸುವಿಕೆಗಾದರೂ ನಲ್ಲಿಯ ನೀರು ಬಳಸಿ. ಹೊಸ ಹತ್ತಿಯ ಪ್ಯಾಡನ್ನು ನಾಲ್ಕೈದು ಸಲ ಒಗೆದ ಮೇಲೆಯೇ ರಾತ್ರಿಗೆ ತನ್ನಿ.

ಹೊತ್ತಿನ ವಿಷಯದಲ್ಲಿ ನನ್ನ ಸಲಹೆ ಚಿಕ್ಕದು. ರಾತ್ರಿಯ ಹಾಲು ಕುಡಿಸಿದ ಮೇಲೆ, ಮಗು ಪೂರ್ತಿ ನಿದ್ದೆಗೆ ಜಾರುವ ಮೊದಲು, ಕೊನೆಯ ಡಯಾಪರ್ ಬದಲಾಯಿಸಿ. ಒಂದು ಗಂಟೆಗೋ ಎರಡು ಗಂಟೆಗೋ ಹಾಲಿಗೆಂದು ಏಳುವುದಿದ್ದರೆ ಮಂದ ಬೆಳಕಿನಲ್ಲಿ ಆಗಲೇ ಇನ್ನೊಂದು ಹಾಕಿ; ಬರೇ ಒದ್ದೆಯ ಕಾರಣಕ್ಕೆ ಚೆನ್ನಾಗಿ ನಿದ್ರಿಸುತ್ತಿರುವ ಮಗುವನ್ನು ಎಬ್ಬಿಸಬೇಕಾಗಿಲ್ಲ, ಮಲವಾಗಿದ್ದರೆ ಮಾತ್ರ ತಡ ಮಾಡಬಾರದು. ಸಂಜೆ ಎಳನೀರು ಕೊಡುವ ಅಭ್ಯಾಸವಿದ್ದರೆ ಅದನ್ನು ಬೆಳಗಿನ ಹೊತ್ತಿಗೆ ಬದಲಾಯಿಸಬಹುದು. ಆದರೆ ಹಾಸಿಗೆ ಒದ್ದೆಯಾಗುತ್ತದೆಂದು ಹಾಲನ್ನಾಗಲಿ, ಮಗುವಿಗೆ ಬೇಕಾದ ನೀರನ್ನಾಗಲಿ ಎಂದಿಗೂ ಕಡಿಮೆ ಮಾಡಬೇಡಿ. ದಿನಕ್ಕೆ ಐದಾರು ಸಲ ಚೆನ್ನಾಗಿ ಒದ್ದೆಯಾಗುವುದು ಮಗುವಿಗೆ ಸಾಕಷ್ಟು ಸಿಗುತ್ತಿದೆ ಎಂಬುದಕ್ಕೆ ಗುರುತು. ಅದು ಇದ್ದಕ್ಕಿದ್ದಂತೆ ಇಳಿದರೆ, ಮೂತ್ರ ಮಾಡುವಾಗ ಅತ್ತರೆ, ಜ್ವರ ಬಂದರೆ, ಇಲ್ಲವೇ ಸಂದಿನ ಕೆಂಪು ಮೂರು ದಿನವಾದರೂ ಇಳಿಯದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಹಾಸಿಗೆಗೆ ನೀರು ಇಳಿಯದ ಬೇಬಿ ಡ್ರೈ ಶೀಟನ್ನು ಸುಕ್ಕಿಲ್ಲದಂತೆ ಬಿಗಿಯಾಗಿ ಹಾಸಿ, ಅದರ ಮೇಲೆ ತೆಳ್ಳಗಿನ ಹತ್ತಿ ಬಟ್ಟೆಯೊಂದನ್ನು ಹಾಸಿಗೆಯ ಕೆಳಕ್ಕೆ ಮಡಚಿ ಸಿಕ್ಕಿಸಿ. ಸಡಿಲವಾದ ಪ್ಲಾಸ್ಟಿಕ್ ಹಾಳೆಯಾಗಲಿ, ಸುಮ್ಮನೆ ಹರಡಿದ ಬೈರಾಸಾಗಲಿ ಬೇಡ, ಮಗು ಉರುಳುವಾಗ ಅದು ಮುಖಕ್ಕೆ ಬರುತ್ತದೆ.

ಇವತ್ತು ರಾತ್ರಿ ಎಣ್ಣೆ ಹಚ್ಚದೆ, ಶಿಶ್ನವನ್ನು ಕೆಳಮುಖವಾಗಿ ಇರಿಸಿ, ನಿಮ್ಮಲ್ಲಿ ಇರುವ ಎಂ ಅಳತೆಯದನ್ನೇ ಹಾಕಿ ನೋಡಿ. ಎರಡು ರಾತ್ರಿ ಕಳೆದರೂ ಸೋರಿದರೆ ಎಲ್ ತನ್ನಿ. ಎಲ್ಲವನ್ನೂ ಒಂದೇ ದಿನ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಎಂಬುದು ತಿಳಿಯುವುದಿಲ್ಲ. ಆಮೇಲೂ ಒದ್ದೆಯಾದರೆ ಹೊಟ್ಟೆಯ ಕಡೆಯೋ, ತೊಡೆಯ ಕಡೆಯೋ, ಬೆನ್ನಿನ ಕಡೆಯೋ, ಮತ್ತು ಆಗ ಡಯಾಪರಿನ ಹಿಂಭಾಗ ಒಣಗಿತ್ತೋ ಇಲ್ಲವೋ ಎಂದು ಇಲ್ಲಿಯೇ ಬರೆಯಿರಿ, ನಾನು ಖಂಡಿತ ಉತ್ತರಿಸುತ್ತೇನೆ.