ಕಾವಲಿನ ಕೋಶಗಳೇ ಎಚ್‌ಐವಿಯನ್ನು ಒಳಗೆ ಒಯ್ಯುವುದು ಹೇಗೆ?

ಗಾಯವಿಲ್ಲದ ಚರ್ಮವನ್ನು ಎಚ್‌ಐವಿ ದಾಟದು. ಮೇಲಿನ ಸತ್ತ ಕೋಶಗಳ ಪದರವೇ ತಡೆ. ಅದಕ್ಕೆ ದಾರಿ ಸಿಗುವುದು ಯೋನಿ, ಗುದನಾಳ, ಶಿಶ್ನದ ಮುಂದೊಗಲಿನ ಒಳಭಾಗದ ತೆಳು ಪೊರೆಯಲ್ಲಿ.

ಯೋನಿ ಮತ್ತು ಮುಂದೊಗಲಿನ ಮೇಲ್ಪದರದಲ್ಲಿ ಲ್ಯಾಂಗರ್‌ಹ್ಯಾನ್ಸ್ ಎಂಬ ರೋಗನಿರೋಧಕ ಕಾವಲು ಕೋಶಗಳಿವೆ. ಇವನ್ನು ಬರೀ ದ್ರೋಹಿಗಳೆನ್ನುವುದು ಅನ್ಯಾಯ: ಲ್ಯಾಂಗರಿನ್ ಎಂಬ ಪ್ರೋಟೀನಿನಿಂದ ವೈರಸ್ಸನ್ನು ಹಿಡಿದು ಒಡೆದುಹಾಕುತ್ತವೆ. ಆದರೆ ವೈರಸ್ ಪ್ರಮಾಣ ಹೆಚ್ಚಿದ್ದರೆ, ಅಥವಾ ಹರ್ಪಿಸ್, ಸಿಫಿಲಿಸ್ ಹುಣ್ಣಿನ ಉರಿಯೂತವಿದ್ದರೆ ಈ ಕಾವಲು ಸೋಲುತ್ತದೆ. ಹುಣ್ಣಿರುವಲ್ಲಿ ಸಿಡಿ4 ಟಿ ಕೋಶಗಳೆಂಬ ರೋಗನಿರೋಧಕ ಬಿಳಿ ರಕ್ತಕಣಗಳೂ ಬಂದು ಗುಂಪುಗೂಡುತ್ತವೆ, ವೈರಸ್ಸಿಗೆ ಬೇಕಾದದ್ದೂ ಅವೇ. ಹಾಗಾಗಿ ಗುಪ್ತಾಂಗದ ಹುಣ್ಣನ್ನು ನಾಚಿಕೆಯಿಂದ ಮುಚ್ಚಿಡಬೇಡಿ.

ಕೆಳಪದರದಲ್ಲಿರುವ ಡೆಂಡ್ರಿಟಿಕ್ ಕೋಶಗಳೆಂಬ ಕಾವಲುಗಾರರ ಕೆಲಸ ಇನ್ನೂ ಅಪಾಯದ್ದು. ತಮಗೆ ಸೋಂಕು ತಗುಲದಿದ್ದರೂ ವೈರಸ್ಸನ್ನು ಹಾಳಾಗದಂತೆ ಹೊತ್ತು, ರೋಗನಿರೋಧಕ ಕೋಶಗಳು ನೆರೆದಿರುವ ದುಗ್ಧಗ್ರಂಥಿಗೆ (ಲಿಂಫ್ ನೋಡ್) ಸಾಗಿ, ಟಿ ಕೋಶಕ್ಕೆ ಅಂಟಿ ನಿಂತಾಗ ದಾಟಿಸಬಲ್ಲವು.

ಈ ಪಯಣಕ್ಕೆ ಕೆಲವೇ ದಿನ ಸಾಕು. ಅದಕ್ಕೇ ವೈರಸ್ ತಗುಲಿರಬಹುದಾದ ಸಂಪರ್ಕದ ನಂತರ, ತಡೆ ಔಷಧಿಯಾದ ಪಿಇಪಿಯನ್ನು ಆದಷ್ಟು ಬೇಗ, ತಡವೆಂದರೂ 72 ಗಂಟೆಯೊಳಗೆ ಶುರುಮಾಡಿ 28 ದಿನ ತಪ್ಪದೆ ನುಂಗಬೇಕು. ದಾವಣಗೆರೆಯಲ್ಲಿ ಜಿಲ್ಲಾ ಆಸ್ಪತ್ರೆಯ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರದಲ್ಲಿ ವಿಚಾರಿಸಿ. ರಾತ್ರಿಯಾದರೆ ತುರ್ತು ವಿಭಾಗಕ್ಕೆ ಹೋಗಿ. ಹರಿಹರ, ಜಗಳೂರಿನ ಕಡೆಯವರು ಹೊರಡುವ ಮುನ್ನ ಏಡ್ಸ್ ಸಹಾಯವಾಣಿ 1097ಕ್ಕೆ ಉಚಿತವಾಗಿ ಕರೆ ಮಾಡಬಹುದು.