ಒಂದು ಎಕರೆ, ನಾಲ್ಕು ಹಸು: ಸೀಮೆಹುಲ್ಲೊಂದೇ ಸಾಕೇ?

ಪ್ರಶ್ನೆ: ಬೋರ್‌ವೆಲ್ ನೀರಿನ ಒಂದು ಎಕರೆ ಇದೆ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯ ನಾಲ್ಕು ಹಸುಗಳಿವೆ. ಬೇಸಿಗೆಯಲ್ಲಿ ನೀರು ಅರ್ಧಕ್ಕಿಳಿಯುತ್ತದೆ. ಪೂರ್ತಿ ಸಿಒ-4 ತಳಿಯ ನೇಪಿಯರ್ (ಸೀಮೆಹುಲ್ಲು) ಹಾಕಿ ಅನ್ನುತ್ತಾರೆ. ಮುಸುಕಿನ ಜೋಳ, ಅಲಸಂದೆ ಸರದಿ ಮಾಡಿದರೆ ಲಾಭವೇ?
– ಓದುಗರು, ಮಂಡ್ಯ ಜಿಲ್ಲೆ

ಉತ್ತರ: ಹಸಿ ತೂಕ ನೋಡಿದರೆ ನೇಪಿಯರ್ ಗೆಲ್ಲುತ್ತದೆ, ಅದರಲ್ಲಿ ವಾದವಿಲ್ಲ. ಆದರೆ ಹಸಿ ಮೇವಿನ ಹೆಚ್ಚು ಪಾಲು ನೀರು. ಒಣ ಅಂಶ, ಪ್ರೋಟೀನ್ ಎರಡನ್ನೂ ಲೆಕ್ಕ ಹಾಕಿ. ಸಾಧಾರಣ ಆರೈಕೆಯಲ್ಲಿ ಎಕರೆಗೆ ವರ್ಷಕ್ಕೆ 80 ಟನ್ ನೇಪಿಯರ್ ಬಂತೆನ್ನಿ. ಒಣ ಅಂಶ ಶೇ 20, ಅದರಲ್ಲಿ ಪ್ರೋಟೀನ್ ಶೇ 8 ಹಿಡಿದರೆ ಸಿಗುವ ಪ್ರೋಟೀನ್ 1,280 ಕೆಜಿ. ಸರದಿಯಲ್ಲಿ ಎರಡು ಸಲ ಮುಸುಕಿನ ಜೋಳ-ಅಲಸಂದೆ ಮಿಶ್ರ (ತಲಾ 18 ಟನ್), ನಡುವೆ ಬರೀ ಅಲಸಂದೆ (10 ಟನ್): ಒಟ್ಟು 46 ಟನ್, ಪ್ರೋಟೀನ್ ಸುಮಾರು 975 ಕೆಜಿ. ಹಸಿ ತೂಕ ಅರ್ಧದ ಸಮೀಪಕ್ಕೆ ಇಳಿದರೂ ಪ್ರೋಟೀನ್ ಮುಕ್ಕಾಲು ಪಾಲು ಉಳಿಯಿತು, ಬೇಸಿಗೆಯಲ್ಲಿ ನೀರೂ ಉಳಿಯಿತು. ಉಳುಮೆ, ಬೀಜದ ಖರ್ಚು ಮಾತ್ರ ವರ್ಷಕ್ಕೆ ಮೂರು ಸಲ. ನೇಪಿಯರ್ ಒಮ್ಮೆ ನಾಟಿ ಮಾಡಿದರೆ ಮೂರ್ನಾಲ್ಕು ವರ್ಷ ನಡೆಯುತ್ತದೆ.

ಇನ್ನೊಂದು ಮಾತು: ಹಸುವಿಗೆ ದಿನಕ್ಕೆ 30 ಕೆಜಿ ಹಸಿ ಮೇವಾದರೆ ನಾಲ್ಕಕ್ಕೂ ವರ್ಷಕ್ಕೆ 44 ಟನ್ ಸಾಕು. ಎಕರೆ ಪೂರ್ತಿ ನೇಪಿಯರ್ ಹಾಕಿದವರ ಹೊಲದಲ್ಲಿ ಮಳೆಗಾಲಕ್ಕೆ ಹುಲ್ಲು ಮನುಷ್ಯನಿಗಿಂತ ಎತ್ತರ ನಿಂತು ದಂಟು ಗಟ್ಟಿಯಾಗುತ್ತದೆ. ಹಸು ಎಲೆ ತಿಂದು ದಂಟು ಬಿಡುತ್ತದೆ.

ಆದ್ದರಿಂದ 20 ಗುಂಟೆ ನೇಪಿಯರ್, 20 ಗುಂಟೆ ಸರದಿ ಮಾಡಿ. ನೇಪಿಯರ್ ಜಾಗವನ್ನು 45 ಪಟ್ಟಿಗಳಾಗಿ ಗುರುತಿಸಿ ದಿನಕ್ಕೊಂದು ಪಟ್ಟಿ ಕೊಯ್ದರೆ ಸರಾಸರಿ 110 ಕೆಜಿ ಸಿಗುತ್ತದೆ, ಯಾವ ಪಟ್ಟಿಯೂ ಬಲಿಯುವುದಿಲ್ಲ. ನಾಟಿಯಾದ 75ನೇ ದಿನಕ್ಕೆ ಮೊದಲ ಕೊಯ್ಲು. ನೆಲದಿಂದ ನಾಲ್ಕೈದು ಇಂಚು ಬಿಟ್ಟು ಕೊಯ್ಯಿರಿ. ಕೊಯ್ದ ಜಾಗಕ್ಕೆ ಎಕರೆಗೆ 40–50 ಕೆಜಿ ಯೂರಿಯಾ ಲೆಕ್ಕದಲ್ಲಿ ಕೊಟ್ಟು ನೀರು ಹಾಯಿಸಿ.

ಸರದಿಗೆ ಜೂನ್‌ನಲ್ಲಿ ಆಫ್ರಿಕನ್ ಟಾಲ್ ತಳಿಯ ಮುಸುಕಿನ ಜೋಳ ಎರಡು ಸಾಲು, ಅಲಸಂದೆ ಒಂದು ಸಾಲು, ಸಾಲಿನ ಅಂತರ ಒಂದು ಅಡಿ. 20 ಗುಂಟೆಗೆ 10 ಕೆಜಿ ಮುಸುಕಿನ ಜೋಳ, ಎರಡೂವರೆ ಕೆಜಿ ಅಲಸಂದೆ ಬೀಜ. ತೆನೆ ಹಾಲುಗಾಳು ಕಟ್ಟುವ ಹೊತ್ತಿಗೆ ಕೊಯ್ಯಿರಿ. ಸೆಪ್ಟೆಂಬರ್‌ನಲ್ಲಿ ಬರೀ ಅಲಸಂದೆ, ಡಿಸೆಂಬರ್‌ನಲ್ಲಿ ಮತ್ತೆ ಮಿಶ್ರ. ಈ ಕೊನೆಯ ಬೆಳೆಯನ್ನು ಬೇಸಿಗೆಗೆ ರಸಮೇವು (ಗಾಳಿಯಾಡದಂತೆ ಒತ್ತಿ ಹುಳಿಸಿ ಕಾಪಿಡುವ ಹಸಿ ಮೇವು) ಮಾಡಿಟ್ಟುಕೊಳ್ಳಿ. ನಡುವೆ ಅಲಸಂದೆ ತಪ್ಪಿಸಿ ಮುಸುಕಿನ ಜೋಳದ ಮೇಲೆ ಮುಸುಕಿನ ಜೋಳ ಹಾಕಬೇಡಿ, ಅದರ ಸುಳಿ ತಿನ್ನುವ ಫಾಲ್ ಸೈನಿಕ ಹುಳುವಿಗೆ ಸದಾ ಊಟ ಸಿಕ್ಕಂತಾಗುತ್ತದೆ. ಸುಳಿಗೆ ಔಷಧಿ ಹೊಡೆದ ಮೇವನ್ನು ಡಬ್ಬಿಯ ಮೇಲೆ ಬರೆದ ಅವಧಿ ಮುಗಿಯುವವರೆಗೆ ಹಾಕುವಂತಿಲ್ಲ.

ಲಾಭ ನಿಜವಾಗಿ ಕಾಣುವುದು ಪಶು ಆಹಾರದ ಚೀಲದಲ್ಲಿ. ಹತ್ತು ಕೆಜಿ ಹಸಿ ಅಲಸಂದೆಯ ಪ್ರೋಟೀನ್, ಶೇ 20 ಪ್ರೋಟೀನ್ ಇರುವ ಪಶು ಆಹಾರ ಒಂದೂಕಾಲು ಕೆಜಿಗೆ ಸಮ. ಹಾಗಂತ ಒಂದೇ ಸಲ ಕಡಿತ ಬೇಡ, ಹಾಲಿನ ಅಳತೆ ನೋಡುತ್ತಾ ಅರ್ಧ ಅರ್ಧ ಕೆಜಿ ಇಳಿಸಿ.

ಪ್ರಶ್ನೆ: ಮೇವಿನ ಜೋಳ ಕೊಯ್ದ ಕೂಳೆ ಚಿಗುರಿದೆ. ದನ ಬಿಡಬಹುದೇ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಬೇಡ. ಎಳೆ ಚಿಗುರಿನಲ್ಲಿ, ಬರದಲ್ಲಿ ಬಾಡಿದ ಪೈರಿನಲ್ಲಿ ಹೈಡ್ರೋಸಯನಿಕ್ ವಿಷ ಹೆಚ್ಚು. ಹೂವಾಡುವವರೆಗೆ ಕಾದು ಕೊಯ್ಯಿರಿ. ತಿಂದ ದನ ಏದುಸಿರು ಬಿಟ್ಟು, ನಡುಗಿ ಬಿದ್ದರೆ ಮನೆಮದ್ದಿಗೆ ಹೊತ್ತು ಕಳೆಯದೆ ಪಶುವೈದ್ಯರನ್ನು ಕರೆಸಿ, ಜೋಳದ ಕೂಳೆ ತಿಂದಿದೆ ಎಂದು ಮೊದಲೇ ಹೇಳಿ. ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದು ಬೇಕಾಗುತ್ತದೆ.