ವಿಮಾನದ ಮೂತಿಯ ಪಕ್ಕದ ಪುಟ್ಟ ಕೊಳವೆ

ಪ್ರಶ್ನೆ: ವಿಮಾನ ಹತ್ತುವಾಗ ಮೂತಿಯ ಪಕ್ಕ ಒಂದು ಪುಟ್ಟ ಕೊಳವೆ ಕಂಡೆ. ಅದೇನು?

ಉತ್ತರ: ಅದು ಪಿಟೋ ಟ್ಯೂಬ್, ವೇಗ ಅಳೆಯುವ ಸಾಧನ. ಓಡುವ ಬಸ್ಸಿನ ಕಿಟಕಿಯಿಂದ ಕೈ ಚಾಚಿದರೆ ಗಾಳಿ ಅಂಗೈಯನ್ನು ತಳ್ಳುತ್ತದೆ ಅಲ್ವಾ, ಹಾಗೇ ಕೊಳವೆಗೆ ನುಗ್ಗಿದ ಗಾಳಿ ಅಲ್ಲೇ ನಿಂತು ಒತ್ತುತ್ತದೆ, ಈ ಒತ್ತಡ ಸುತ್ತಲಿನ ಗಾಳಿಯ ಒತ್ತಡಕ್ಕಿಂತ ಎಷ್ಟು ಜಾಸ್ತಿ ಅನ್ನೋದರಿಂದ ವೇಗ ತಿಳಿಯುತ್ತದೆ. 1732ರಲ್ಲಿ ಫ್ರಾನ್ಸ್‌ನ ಎಂಜಿನಿಯರ್ ಆನ್ರಿ ಪಿಟೋ ಪ್ಯಾರಿಸ್‌ನ ಸೀನ್ ನದಿಯ ಹರಿವನ್ನು ಅಳೆದಿದ್ದೂ ಇದೇ ಉಪಾಯದಿಂದ, ಗಾಜಿನ ಕೊಳವೆ ಇಳಿಸಿ.

ಈ ಕೊಳವೆಯ ಬಾಯಿ ಕಟ್ಟಿಕೊಂಡರೆ ಮಾತ್ರ ಅಪಾಯ. 2009ರಲ್ಲಿ ಅಟ್ಲಾಂಟಿಕ್ ಮೇಲೆ ಏರ್ ಫ್ರಾನ್ಸ್ 447 ವಿಮಾನದ ಕೊಳವೆಗಳಲ್ಲಿ, ಹೀಟರ್ ಇದ್ದರೂ, ಹಿಮದ ಹರಳು ತುಂಬಿ ವೇಗದ ಲೆಕ್ಕ ತಪ್ಪಿತು. ಪೈಲಟ್‌ಗಳು ಗೊಂದಲಕ್ಕೆ ಬಿದ್ದು ವಿಮಾನ ಹಿಡಿತ ತಪ್ಪಿತು, 228 ಜನ ತೀರಿಕೊಂಡರು. ನೆನೆದರೆ ಈಗಲೂ ಸಂಕಟ.

ನಿಂತ ವಿಮಾನದ ಕೊಳವೆಗೆ ಕೆಂಪು ಪಟ್ಟಿಯ ಕವರ್ ಹಾಕಿರುತ್ತಾರೆ, ಕಣಜದ ಹುಳು ಗೂಡು ಕಟ್ಟದಿರಲಿ ಅಂತ.